ಕೆಡುವವರು ಯಾರು?

ಹೋದ ವರ್ಷ ನವೆಂಬರಿನಲ್ಲಿ ನಮ್ಮ ಕಡೆಯ ಕನ್ನಡಿಗರು ಸೇರಿ ಮಾಡುವ ರಾಜ್ಯೋತ್ಸವಕ್ಕೆ ಕಾರ್ಯಕ್ರಮ ಪಟ್ಟಿ ಸಿದ್ಧಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆಫೀಸಿನಲ್ಲಿ ದಿನವಿಡೀ ಎಕ್ಸೆಲ್ ಶೀಟು ತುಂಬುವವನ ಮೇಲೆ ಇಂಥ ಕೆಲಸ ತಾನಾಗಿಯೇ ಬಂದು ಬೀಳುತ್ತದೆ. ಗುರುಗ್ರಾಮ, ನೋಯ್ಡಾ, ದ್ವಾರಕಾದಿಂದ ಬರುವ ನೂರೈವತ್ತು ಜನ, ಬಾಡಿಗೆ ಸಭಾಂಗಣ, ಮೂರು ಗಂಟೆ ಸಮಯ, ಕೊನೆಗೆ ಬಿಸಿಬೇಳೆಬಾತ್. ಮಕ್ಕಳ ನೃತ್ಯ, ವಚನ ಗಾಯನ, ಒಂದು ಹಾಸ್ಯ ಪ್ರಹಸನ, ಕವನ ವಾಚನ.

ಕವನ ಓದಲು ಹೆಸರು ಕೊಟ್ಟವರಲ್ಲಿ ದಿಲ್ಲಿಯಲ್ಲಿ ಪಿಎಚ್‌ಡಿ ಮಾಡುತ್ತಿರುವ ಉತ್ತರ ಕರ್ನಾಟಕದ ಹುಡುಗಿಯೊಬ್ಬಳಿದ್ದಳು. ಪದ್ಯ ಮೊದಲೇ ಕಳಿಸಿ ಎಂದಿದ್ದೆ, ಕಳಿಸಿದ್ದಳು. ಬಚ್ಚಲುಮನೆಯ ಕನ್ನಡಿಯಲ್ಲಿ ತನ್ನ ಮೈಯನ್ನು ಮೊದಲ ಸಲ ನಾಚಿಕೆಯಿಲ್ಲದೆ ನೋಡಿಕೊಂಡ ಹೆಣ್ಣಿನ ಕುರಿತ ಪದ್ಯ. ಚೆನ್ನಾಗಿತ್ತು. ಆದರೆ ಅದರಲ್ಲಿ ‘ಮೊಲೆ’ ಎಂಬ ಪದ ಎರಡು ಕಡೆ ಇತ್ತು. ಫೋನ್ ಮಾಡಿ, “ಮಕ್ಕಳು, ಹಿರಿಯರು ಎಲ್ಲ ಇರ್ತಾರೆ ನೋಡಿ. ಅಲ್ಲಿ ‘ಎದೆ’ ಅಂತ ಹಾಕಿದ್ರೆ ಹೇಗೆ?” ಎಂದೆ.

“ಎದೆ ನಿಮಗೂ ಇದೆ ಸರ್,” ಎಂದಳು.

ನನಗೆ ನಗು ಬಂತು. ಆದರೂ ಪಟ್ಟಿಯಿಂದ ಅವಳ ಹೆಸರು ತೆಗೆದೆ. ಸಮಯದ ಅಭಾವ ಎಂದು ಮೆಸೇಜ್ ಕಳಿಸಿದೆ. ಅದು ಸುಳ್ಳು. ಪಟ್ಟಿಯಲ್ಲಿ ಹದಿನೈದು ನಿಮಿಷ ಖಾಲಿ ಇತ್ತು.

ಕಾರ್ಯಕ್ರಮಕ್ಕೆ ಅವಳು ಬಂದಿದ್ದಳು, ಹಿಂದಿನ ಸಾಲಿನಲ್ಲಿ ಕೂತಿದ್ದಳು. ಪ್ರಹಸನದಲ್ಲಿ ಹೆಂಡತಿಯ ದಪ್ಪ ಮೈ, ಪಕ್ಕದ ಮನೆಯಾಕೆಯ ತೆಳು ಸೀರೆ, ಕೆಲಸದವಳ ಸೊಂಟ ಎಲ್ಲವೂ ಬಂದವು. ಎರಡರ್ಥದ ಮಾತಿಗೆ ಸಭೆ ಬಿದ್ದು ಬಿದ್ದು ನಕ್ಕಿತು. ಪಕ್ಕದಲ್ಲಿ ಹದಿಮೂರು ವರ್ಷದ ಮಗಳನ್ನು ಕೂರಿಸಿಕೊಂಡು ನಾನೂ ನಕ್ಕೆ. ಆಮೇಲೆ ವಚನ ಗಾಯನ. ಜೇಡರ ದಾಸಿಮಯ್ಯನ ಪ್ರಸಿದ್ಧ ವಚನವೊಂದನ್ನು ಭಾವ ತುಂಬಿ ಹಾಡಿದರು. ಆ ವಚನ ಶುರುವಾಗುವುದೇ ನಾನು ತೆಗೆಯಲು ಹೇಳಿದ್ದ ಪದದಿಂದ. ಯಾರಿಗೂ ಮುಜುಗರವಾಗಲಿಲ್ಲ, ಹಿರಿಯರು ತಲೆದೂಗಿದರು. ಊಟದ ಸಾಲಿನಲ್ಲಿ ಅವಳು ಹತ್ತಿರ ಬಂದು, “ಸರ್, ಅಶ್ಲೀಲ ಇರೋದು ಪದದಲ್ಲೋ, ಅದನ್ನ ಹೇಳೋರಲ್ಲೋ?” ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ತಟ್ಟೆ ಹಿಡಿದು ಮುಂದೆ ಹೋದಳು.

ಇದೇ ಪ್ರಶ್ನೆಯನ್ನು ನೂರು ವರ್ಷಕ್ಕೂ ಹಿಂದೆ ನಂಜನಗೂಡಿನಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬರು ಕೇಳಿದ್ದರು. ಬೆಂಗಳೂರು ನಾಗರತ್ನಮ್ಮ ಎಂದರೆ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು ಎಂದಷ್ಟೇ ನಮಗೆ ನೆನಪು. ದೇವದಾಸಿ ಮನೆತನದ ಈ ವಿದುಷಿ, 18ನೇ ಶತಮಾನದಲ್ಲಿ ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ವನ್ನು 1910ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಅದರಲ್ಲಿ ರಾಧೆ ತನ್ನ ಆಸೆಯನ್ನು ತಾನೇ ಹೇಳಿಕೊಳ್ಳುತ್ತಾಳೆ, ಮುನಿದ ಅವಳನ್ನು ಕೃಷ್ಣ ರಮಿಸಬೇಕಾಗುತ್ತದೆ. ಇಂಥದ್ದು ಹೆಣ್ಣಿನ ಬಾಯಲ್ಲಿ ಬರುವುದಿರಲಿ, ಕಿವಿಗೂ ಬೀಳಬಾರದು ಎಂಬ ಧಾಟಿಯಲ್ಲಿ ಕಂದುಕೂರಿ ವೀರೇಶಲಿಂಗಂ ಅದನ್ನು ಹಳಿದಿದ್ದರು. ಗಂಡಸರ ಶೃಂಗಾರ ಕಾವ್ಯಗಳಲ್ಲಿ ಇದಕ್ಕಿಂತ ಹೆಚ್ಚಿನದಿರುವಾಗ ನಾಚಿಕೆ ಹೆಣ್ಣಿಗಷ್ಟೇ ಏಕೆ ಎಂಬುದು ನಾಗರತ್ನಮ್ಮನವರ ವಾದ. ಸರ್ಕಾರ ಕಿವಿಗೊಡದೆ ಪುಸ್ತಕವನ್ನು ನಿಷೇಧಿಸಿತು. 1947ರಲ್ಲಿ ನಿಷೇಧ ತೆರವಾಗುವ ಹೊತ್ತಿಗೆ ಅವರಿಗೆ ಎಪ್ಪತ್ತು ಹತ್ತಿರವಾಗಿತ್ತು.

ನನ್ನನ್ನು ಕಾಡುವುದು ವೀರೇಶಲಿಂಗಂ. ವಿಧವೆಯರ ಮರುಮದುವೆಗಾಗಿ ಊರಿನವರ ಬೈಗುಳ ತಿಂದ ಮನುಷ್ಯ. ಹೆಣ್ಣಿನ ಪರ ಇರುವವನಿಗೂ ಹೆಣ್ಣು ತಾನೇ ಮಾತಾಡತೊಡಗಿದರೆ ಕಸಿವಿಸಿಯಾಗುತ್ತದೆ. ನನಗೂ ಆಗಿದ್ದು ಅದೇ. ನಾನದನ್ನು ‘ಮಕ್ಕಳಿದ್ದಾರೆ’ ಎಂದು ಕರೆದೆ.

ನಮ್ಮ ಕೋರ್ಟುಗಳು ಬಹುಕಾಲ ಬಳಸಿದ ಅಳತೆಗೋಲು 1868ರ ಇಂಗ್ಲೆಂಡಿನದು, ಹಿಕ್ಲಿನ್ ಪರೀಕ್ಷೆ. ಕೆಟ್ಟ ಪ್ರಭಾವಕ್ಕೆ ಒಳಗಾಗಬಲ್ಲ ಮನಸ್ಸುಗಳನ್ನು ಈ ಬರಹ ಕೆಡಿಸುವಂಥದ್ದೇ ಎಂಬುದು ಅದರ ಪ್ರಶ್ನೆ. ಅದನ್ನೇ ಹಿಡಿದು 1964ರಲ್ಲಿ ಸುಪ್ರೀಂ ಕೋರ್ಟು, ‘ಲೇಡಿ ಚಾಟರ್ಲೀಸ್ ಲವರ್’ ಕಾದಂಬರಿ ಮಾರಿದ ಮುಂಬಯಿಯ ಪುಸ್ತಕ ವ್ಯಾಪಾರಿ ರಂಜಿತ್ ಉದೇಶಿಗಾದ ಶಿಕ್ಷೆಯನ್ನು ಎತ್ತಿಹಿಡಿಯಿತು. ಇದರೊಳಗಿನ ವಿಚಿತ್ರ ನೋಡಿ. ಇಂಥ ಪುಸ್ತಕ ಓದಿದ ಪೊಲೀಸರು ಕೆಡುವುದಿಲ್ಲ, ವಕೀಲರು ಕೆಡುವುದಿಲ್ಲ, ನ್ಯಾಯಾಧೀಶರೂ ಕೆಡುವುದಿಲ್ಲ. ಕೆಡುವವನು ಯಾವಾಗಲೂ ಇನ್ನೊಬ್ಬ. ಆ ಪದ್ಯವನ್ನು ನಾನು ಎರಡು ಸಲ ಓದಿದ್ದೆ. ನನಗೇನೂ ಆಗಿರಲಿಲ್ಲ.

2008ರ ಮೇ 8ರಂದು ದಿಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್, ಎಂ.ಎಫ್. ಹುಸೇನರ ಮೇಲಿನ ಅಶ್ಲೀಲತೆಯ ಮೊಕದ್ದಮೆಗಳನ್ನು ರದ್ದುಮಾಡಿದರು. ಭಾರತದ ನಕ್ಷೆಯನ್ನು ಬೆತ್ತಲೆ ಹೆಣ್ಣಾಗಿ ಬರೆದ ಚಿತ್ರ ಅದು. ಬೆತ್ತಲೆ ಎಂದ ಮಾತ್ರಕ್ಕೆ ಅಶ್ಲೀಲವಾಗದು ಎಂಬುದು ತೀರ್ಪಿನ ತಿರುಳು. ಆದರೆ ಅದೇ ಆಗಸ್ಟಿನಲ್ಲಿ ಇದೇ ದಿಲ್ಲಿಯಲ್ಲಿ ನಡೆದ ಇಂಡಿಯಾ ಆರ್ಟ್ ಸಮಿಟ್‌ನಲ್ಲಿ ಗಲಾಟೆಯ ಭಯಕ್ಕೆ ಹುಸೇನರ ಚಿತ್ರಗಳಿಗೆ ಜಾಗ ಸಿಗಲಿಲ್ಲ. ಅವರು ಮರಳಿ ಬಂದು ಇಲ್ಲಿ ನೆಲೆಸಲೂ ಇಲ್ಲ. 2010ರಲ್ಲಿ ಕತಾರ್ ಪೌರತ್ವ ಪಡೆದರು, ಮರುವರ್ಷ ಲಂಡನ್ನಿನಲ್ಲಿ ತೀರಿಕೊಂಡರು. ಕೋರ್ಟು ಬಿಟ್ಟರೂ ಪಟ್ಟಿ ಮಾಡುವವರು ಬಿಡುವುದಿಲ್ಲ. ಅವರೂ ನನ್ನಂಥವರೇ, ಸಭಾಂಗಣದ ಬಾಡಿಗೆ, ಬರುವ ಗಣ್ಯರು, ನಾಳಿನ ತಲೆನೋವು ಎಲ್ಲ ಲೆಕ್ಕ ಹಾಕುವವರು.

2014ರಲ್ಲಿ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಿಕ್ಲಿನ್ ಪರೀಕ್ಷೆಯನ್ನು ಕೈಬಿಟ್ಟು, ಇಂದಿನ ಸಮುದಾಯದ ಮಾನದಂಡದಿಂದ ಅಳೆಯಬೇಕೆಂದಿತು. ಒಳ್ಳೆಯದೇ. ಆದರೆ ನಮ್ಮಂಥ ವಲಸಿಗರ ಸಮುದಾಯ ಯಾವುದು? ಬಿಟ್ಟುಬಂದ ಊರೋ, ಲಿಫ್ಟಿನಲ್ಲಿ ಸಿಗುವ ಹತ್ತು ರಾಜ್ಯದ ಜನರೋ? ಆ ನೂರೈವತ್ತು ಜನರಲ್ಲಿ ಅವಳೂ ಒಬ್ಬಳಲ್ಲವೇ? ಸಮುದಾಯ ಎಂದಾಗ ನಾನು ಎಣಿಸಿದ್ದು ಮುಂದಿನ ಸಾಲನ್ನು ಮಾತ್ರ.

ಹಾಗಾದರೆ ಮಿತಿಯೇ ಬೇಡವೇ? ಬೇಕು. 2022ರ ಜನವರಿ 1ರಂದು ‘ಬುಲ್ಲಿ ಬಾಯಿ’ ಎಂಬ ಆ್ಯಪ್‌ನಲ್ಲಿ ಮುಸ್ಲಿಂ ಮಹಿಳೆಯರ ಫೋಟೋ ಹಾಕಿ ‘ಹರಾಜಿಗಿದ್ದಾರೆ’ ಎಂದು ತೋರಿಸಿದ್ದರು. ಅವರು ತಾವೇ ಹಾಕಿಕೊಂಡಿದ್ದ ಸಾಧಾರಣ ಫೋಟೋಗಳವು. ಬಂಧಿತರಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದರು, ನಾಳೆ ನಮ್ಮ ತಂಡಗಳಿಗೇ ಬರಬೇಕಾದವರು. ಆಫೀಸಿನಲ್ಲಿ ಮ್ಯಾನೇಜರ್ ಹೇಳುವ ಪೋಲಿ ಜೋಕು ಕೂಡ ಬರಿಯ ಮಾತಲ್ಲ. ಕೇಳುವವಳು ಎದ್ದುಹೋಗುವ ಹಾಗಿಲ್ಲ, ಅಪ್ರೈಸಲ್ ಅವನ ಕೈಯಲ್ಲಿರುತ್ತದೆ. ಅದಕ್ಕೇ 2013ರ ಕಾಯ್ದೆ ಅಂಥ ಮಾತುಗಳನ್ನೂ ಲೈಂಗಿಕ ಕಿರುಕುಳದಲ್ಲಿ ಸೇರಿಸಿದೆ. ಗೆರೆ ಎಳೆಯಬೇಕಾದದ್ದು ಇಲ್ಲಿ, ಒಬ್ಬ ಮನುಷ್ಯಳಿಗೆ ಪೆಟ್ಟು ಬೀಳುವಲ್ಲಿ. ಕೇಳುವವನಿಗೆ ಇರುಸುಮುರುಸಾಗುವಲ್ಲಿ ಅಲ್ಲ.

ಆ ಪ್ರಹಸನವನ್ನು ನಿಲ್ಲಿಸಬೇಕಿತ್ತು ಎಂದು ಈಗಲೂ ಅನ್ನಿಸುವುದಿಲ್ಲ. ಅದಕ್ಕೆ ತೆರೆದ ಬಾಗಿಲು ಪದ್ಯಕ್ಕೂ ತೆರೆಯಬೇಕಿತ್ತು, ಅಷ್ಟೇ. ಮಕ್ಕಳ ಚಿಂತೆ ಸುಳ್ಳೆಂದೂ ಹೇಳಲಾರೆ. ಆದರೆ ಅದಕ್ಕೆ ಕತ್ತರಿಯೇ ಬೇಕಿಲ್ಲ. ಸಿನಿಮಾ ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿಯಲ್ಲಿ 7, 13, 16 ವರ್ಷ ಎಂದು ವಯಸ್ಸಿನ ಗುರುತು ಹಾಕುವ ವ್ಯವಸ್ಥೆ ಬಂದಿದೆ. ಮುಂಚೆಯೇ ತಿಳಿಸಿ, ತೀರ್ಮಾನ ಮನೆಯವರಿಗೆ ಬಿಡಬಹುದು.

ಅಂದು ಕಾರಿನಲ್ಲಿ ಮನೆಗೆ ಬರುವಾಗ ಮಗಳು ಕೇಳಿದ್ದಳು: “ಅಪ್ಪಾ, ಆ ಕೆಲಸದವಳ ಜೋಕಿಗೆ ನೀನ್ಯಾಕೆ ಅಷ್ಟೊಂದು ನಕ್ಕೆ?” ಯಾರು ಕೆಟ್ಟುಹೋಗಬಾರದೆಂದು ನಾನು ಪದ್ಯವನ್ನು ತೆಗೆದಿದ್ದೆನೋ, ಆ ಮಗು ಕೇಳಿದ ಪ್ರಶ್ನೆ. ಟ್ರಾಫಿಕ್ಕಿನ ನೆಪದಲ್ಲಿ ಮಾತು ತಪ್ಪಿಸಿದೆ.

ಈ ಸಲದ ಪಟ್ಟಿಯೂ ನನ್ನ ಕೈಗೇ ಬಂದಿದೆ. ಆ ಹುಡುಗಿಗೆ ಬರೆದೆ. ಸಮಯವಿತ್ತು, ನಾನು ಸುಳ್ಳು ಹೇಳಿದ್ದೆ, ಈ ಸಲ ಹತ್ತು ನಿಮಿಷ ನಿಮಗೆ, ಪದ್ಯ ಮೊದಲೇ ಕಳಿಸಬೇಕಿಲ್ಲ ಎಂದು. ಎರಡು ದಿನ ಬಿಟ್ಟು ಉತ್ತರ ಬಂತು: “ನೋಡ್ತೀನಿ ಸರ್.”

ಹತ್ತು ನಿಮಿಷ ಖಾಲಿ ಬಿಟ್ಟು ಕಾಯುತ್ತಿದ್ದೇನೆ.