ಕಾಲು ಕಾಣದ ಬೆಳ್ಳಕ್ಕಿ

ಒಂದು ಹಕ್ಕಿಯ ಬಗ್ಗೆ ನಾನು ಸುಳ್ಳು ಹೇಳಿದ್ದೇನೆ. ಅದರಿಂದ ಯಾರ ಹಣವೂ ಹೋಗಲಿಲ್ಲ, ಯಾರ ಮನಸ್ಸೂ ನೋಯಲಿಲ್ಲ. ಆದರೂ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಅದು ಬಹಳ ದಿನ ಕಾಡಿತು.

ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ಭಾಂಡುಪ್ ಪಂಪಿಂಗ್ ಸ್ಟೇಷನ್ ಕಡೆಯಿಂದ ಠಾಣೆ ಖಾಡಿಯ ದಂಡೆಗೆ ಹೋಗಿದ್ದೆ. 2022ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದ ಖಾಡಿ ಇದು. ನೀರು ಇಳಿದು ಕೆಸರು ಬಯಲಾಗಿತ್ತು. ಜೊತೆಗಿದ್ದವರೆಲ್ಲ ಫ್ಲೆಮಿಂಗೊಗಳ ಗುಲಾಬಿ ಸಾಲಿನತ್ತ ಕ್ಯಾಮೆರಾ ತಿರುಗಿಸಿದ್ದರು. ನನ್ನ ಕಣ್ಣಿಗೆ ಬಿದ್ದದ್ದು ಒಂಟಿ ಬೆಳ್ಳಕ್ಕಿ. ಮೈ ಬಿಳಿ, ರೆಕ್ಕೆಯ ಮೇಲೂ ಕತ್ತಿನ ಮೇಲೂ ಒಲೆಯ ಬೂದಿ ಮೆತ್ತಿದ ಹಾಗೆ ಕಲೆಗಳು.

ಮುಂಬಯಿಯ ಕಡಲಂಚಿನಲ್ಲಿ ಎರಡು ಹತ್ತಿರದ ನೆಂಟರಿದ್ದಾರೆ. ಒಂದು, ನಮ್ಮೂರ ಗದ್ದೆಗಳಲ್ಲೂ ಕಾಣುವ ಸಣ್ಣ ಬೆಳ್ಳಕ್ಕಿ: ತೆಳುವಾದ ಕಪ್ಪು ಕೊಕ್ಕು, ಕಪ್ಪು ಕಾಲು, ಹಳದಿ ಪಾದ. ಇನ್ನೊಂದು ವೆಸ್ಟರ್ನ್ ರೀಫ್ ಹೆರನ್. ಇದರ ಕೊಕ್ಕು ತುಸು ದಪ್ಪ, ಪಾದದ ಹಳದಿ ಕೆಲವೊಮ್ಮೆ ಕಾಲಿನ ಮೇಲಕ್ಕೂ ಏರಿರುತ್ತದೆ. ಈ ರೀಫ್ ಹೆರನ್ನಿನಲ್ಲೇ ಎರಡು ಬಣ್ಣ: ಬಿಳಿ ಗಂಟಲಿನ ಸ್ಲೇಟು ಬೂದಿನದು ಒಂದು, ಪೂರ್ತಿ ಬಿಳಿಯದು ಇನ್ನೊಂದು. ಎರಡೂ ಬಣ್ಣ ಬೆರೆತವೂ ಇವೆ. ಸಾಲದ್ದಕ್ಕೆ, ಇದು ಸಣ್ಣ ಬೆಳ್ಳಕ್ಕಿಯ ಜೊತೆ ಕೂಡಿ ಮಿಶ್ರ ಸಂತಾನವನ್ನೂ ಪಡೆಯುತ್ತದೆ. ಇವು ಎರಡು ಜಾತಿಗಳೋ ಒಂದೇ ಜಾತಿಯ ಎರಡು ರೂಪಗಳೋ ಎಂದು ವಿದ್ವಾಂಸರೇ ವಾದ ಮಾಡಿದ್ದಾರೆ. ಹಾಗಾಗಿ ಬೂದಿ ಕಲೆಯ ಬೆಳ್ಳಕ್ಕಿ ಕಂಡರೆ ಅದು ಮಿಶ್ರ ತಳಿಯೇ ಆಗಬೇಕೆಂದಿಲ್ಲ. ಕೊಕ್ಕು, ಕಣ್ಣಿನ ಮುಂದಿನ ಚರ್ಮ, ಕಾಲು, ಎಲ್ಲವನ್ನೂ ನೋಡಿದ ಮೇಲೂ ಹೇಳುವುದು ಕಷ್ಟ.

ನಾನು ಮಾತ್ರ ರೈಲಿನಲ್ಲಿ ಕೂತು ಇ-ಬರ್ಡ್‌ನಲ್ಲಿ 'ಮಿಶ್ರ ತಳಿ' ಎಂದೇ ದಾಖಲಿಸಿದೆ. ಮುಲುಂಡ್ ದಾಟುವುದರೊಳಗೆ ವಾಟ್ಸಾಪ್ ಗುಂಪಿನಲ್ಲಿ ಅಭಿನಂದನೆಗಳು ಬಂದವು. ಎರಡು ದಿನದ ಮೇಲೆ ದಾಖಲೆಗಳನ್ನು ಪರಿಶೀಲಿಸುವ ಸ್ವಯಂಸೇವಕರೊಬ್ಬರು ವಿನಯದಿಂದ ಕೇಳಿದರು: "ಕಾಲು ನೋಡಿದಿರಾ? ಹಳದಿ ಎಲ್ಲಿಯವರೆಗೆ ಇತ್ತು?" ನನ್ನ ಎಲ್ಲ ಫೋಟೊಗಳಲ್ಲೂ ಹಕ್ಕಿಯ ಕಾಲು ಅರ್ಧ ಕೆಸರಿನೊಳಗಿದೆ. ನಾನು ಬರೆದೆ: "ನೋಡಿದೆ. ಪಾದಕ್ಕಿಂತ ಸ್ವಲ್ಪ ಮೇಲಿನವರೆಗೆ ಹಳದಿ." ದಾಖಲೆ ಒಪ್ಪಿಗೆಯಾಯಿತು. ನಮ್ಮಲ್ಲಿ ಸುಳ್ಳು ಹೇಳುವವನಿಗೆ 'ಕಾಗೆ ಹಾರಿಸುತ್ತಾನೆ' ಅನ್ನುತ್ತಾರೆ. ನಾನು ಬೆಳ್ಳಕ್ಕಿ ಹಾರಿಸಿದ್ದೆ.

ಉಡುಪಿ ಕಡೆಯ ಗೆಳೆಯರೊಬ್ಬರ ಹತ್ತಿರ ಹೇಳಿಕೊಂಡಾಗ ಅವರು ನಕ್ಕರು. "ಎಂಥದು ಮಾರಾಯ್ರೆ, ಹಕ್ಕಿಗೆ ಗೊತ್ತುಂಟಾ ನೀವು ಅದನ್ನು ಏನು ಅಂತ ಬರೆದದ್ದು? ಅಷ್ಟು ದಾಖಲೆಗಳ ನಡುವೆ ಒಂದು ತಪ್ಪಾದರೆ ಏನಾಯ್ತು?"

ಅವರ ಮಾತನ್ನು ನಾನು ಬಹಳ ಯೋಚಿಸಿದೆ. ಕಾಗೆಯ ವಿಷಯದಲ್ಲಿ ಅದು ಹೆಚ್ಚುಕಡಿಮೆ ನಿಜ. ಹತ್ತು ಕಾಗೆ ಇದ್ದಲ್ಲಿ ಹನ್ನೆರಡು ಎಂದು ಬರೆದರೆ ಆ ತಪ್ಪು ಸಾವಿರಾರು ಎಣಿಕೆಗಳಲ್ಲಿ ಕರಗಿಹೋಗುತ್ತದೆ. ಅಪರೂಪದ್ದು ಹಾಗಲ್ಲ. ಒಂದು ಊರಿನಲ್ಲಿ ಮಿಶ್ರ ತಳಿಯ ಹತ್ತು ದಾಖಲೆಗಳಿದ್ದರೆ ನನ್ನ ಸುಳ್ಳು ಅದರಲ್ಲಿ ಹತ್ತನೇ ಒಂದು ಪಾಲು. ಮತ್ತೆ ಹೋಗಿ ನೋಡೋಣವೆಂದರೆ ಹಕ್ಕಿ ಅಲ್ಲಿರುವುದಿಲ್ಲ. ನೋಡಿದವನ ಮಾತೊಂದೇ ಸಾಕ್ಷಿ. ಪರೀಕ್ಷಿಸಲು ಆಗದ ಕಡೆಯಲ್ಲೇ ಮಾತಿಗೆ ಹೆಚ್ಚು ಬೆಲೆ. ಸುಳ್ಳು ಹೇಳಲು ಸುಲಭವೂ ಅಲ್ಲೇ.

ಇನ್ನೊಂದು ನಷ್ಟವಿದೆ. ಬಿಳಿ ಗರಿಯ ಕಾಗೆ ಕಂಡ ಕೂಡಲೇ ನಾವು ಮೊಬೈಲ್ ತೆಗೆದು 'ಆಲ್ಬಿನೊ' ಎನ್ನುತ್ತೇವೆ. ನಿಜವಾದ ಆಲ್ಬಿನೊ ಹಕ್ಕಿಯಲ್ಲಿ ಕಪ್ಪು ವರ್ಣಕವೇ ಇರುವುದಿಲ್ಲ, ಕಣ್ಣೂ ಕೆಂಪು. ದೃಷ್ಟಿ ದುರ್ಬಲವಾದ್ದರಿಂದ ಅದು ಹೆಚ್ಚು ದಿನ ಬದುಕುವುದು ಅಪರೂಪ. ಕಪ್ಪು ಕಣ್ಣಿನ, ಅಲ್ಲಲ್ಲಿ ಬಿಳಿ ಗರಿಯ ಕಾಗೆಯ ಕಥೆ ಬೇರೆ. ಹುಟ್ಟಿನಿಂದ ಬಂದ ಲ್ಯೂಸಿಸಂ ಇರಬಹುದು, ವಯಸ್ಸಿನ ಜೊತೆ ಬಂದ ನರೆ ಇರಬಹುದು. ಬರೀ ಬ್ರೆಡ್ಡು, ಎಂಜಲು ತಿಂದು ಪೋಷಣೆ ಸಾಲದೆಯೂ ಗರಿ ಬಿಳಿಯಾಗಬಹುದು. ಆಹಾರ ಸುಧಾರಿಸಿದರೆ ಮುಂದೆ ಬರುವ ಗರಿ ಮತ್ತೆ ಕಪ್ಪು. ಅಂದರೆ ನಾವು ಅಪರೂಪ ಎಂದು ಸಂಭ್ರಮಿಸುವುದು ಒಂದು ಜೀವದ ಹಸಿವೂ ಆಗಿರಬಹುದು. ಅವಸರದ ಹೆಸರು ಅದನ್ನು ಮುಚ್ಚಿಬಿಡುತ್ತದೆ.

ಇದೇ ಮುಂಬಯಿಯಲ್ಲಿ ನೂರು ವರ್ಷಕ್ಕೂ ಹಿಂದೆ ಸಾಲಿಂ ಅಲಿ ಎಂಬ ಹುಡುಗ ಏರ್‌ಗನ್ನಿನಿಂದ ಗುಬ್ಬಿಯೊಂದನ್ನು ಹೊಡೆದ. ಅದರ ಗಂಟಲಲ್ಲಿ ಹಳದಿ ಮಚ್ಚೆ. ಇದು ಏನೆಂದು ಮಾವ ಅಮೀರುದ್ದೀನ್ ತ್ಯಾಬ್ಜಿಯವರನ್ನು ಕೇಳಿದ. ಅವರಿಗೂ ಗೊತ್ತಿರಲಿಲ್ಲ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮಿಲಾರ್ಡ್ ಅವರ ಬಳಿಗೆ ಕಳಿಸಿದರು. ಅದು ಬಣ್ಣ ಕೆಟ್ಟ ಮನೆಗುಬ್ಬಿಯಾಗಿರಲಿಲ್ಲ, ಹಳದಿ ಕತ್ತಿನ ಗುಬ್ಬಿ ಎಂಬ ಬೇರೆಯೇ ಜಾತಿ. 1985ರಲ್ಲಿ ಬಂದ ಅವರ ಆತ್ಮಕಥೆಯ ಹೆಸರಿನಲ್ಲೇ ಆ ಗುಬ್ಬಿ ಇದೆ. ಹುಡುಗ ಗುಬ್ಬಿಯನ್ನು ಕೊಂದದ್ದನ್ನು ನಾನು ಮೆಚ್ಚಲಾರೆ. ಆದರೆ 'ಗೊತ್ತಿಲ್ಲ' ಎಂದು ಇಬ್ಬರೂ ಒಪ್ಪಿಕೊಂಡದ್ದರಿಂದ ಒಂದು ಬಾಗಿಲು ತೆರೆಯಿತು. ನನ್ನ 'ನೋಡಿದೆ' ಬಾಗಿಲು ಮುಚ್ಚಿತು.

ನಾನೇಕೆ ಹಾಗೆ ಬರೆದೆ? ಹೆಸರಿನ ಆಸೆ ಇತ್ತು, ಸುಳ್ಳಲ್ಲ. ಅದರ ಕೆಳಗೆ ಇನ್ನೊಂದಿತ್ತು. ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ಹಿಂದಿ, ತರಕಾರಿ ಗಾಡಿಯ ಮುಂದೆ ಮರಾಠಿ ಆಡುವ ನನಗೆ ಆ ಹಕ್ಕಿ ಮಿಶ್ರ ತಳಿಯೇ ಆಗಿರಲಿ ಎನಿಸಿತ್ತು. ನನ್ನ ಕಥೆಯನ್ನು ಅದರ ರೆಕ್ಕೆಗೆ ಅಂಟಿಸಿದ್ದೆ. ಅದು ಮೀನು ಹುಡುಕುತ್ತಿತ್ತು, ಅಷ್ಟೆ.

ಇಂಥ ಹಕ್ಕಿಯ ಮುಂದೆ ನಮ್ಮ ಕರ್ತವ್ಯ ಹೆಸರಿಡುವುದಲ್ಲ, ಕಂಡಷ್ಟನ್ನೇ ಹೇಳುವುದು ಎಂದು ಈಗ ನನಗನಿಸುತ್ತದೆ. ಇ-ಬರ್ಡ್‌ನಲ್ಲಿ ಅದಕ್ಕೂ ಜಾಗವಿದೆ: 'ಸಣ್ಣ ಬೆಳ್ಳಕ್ಕಿ ಅಥವಾ ರೀಫ್ ಹೆರನ್' ಎಂದು ಎರಡನ್ನೂ ಸೇರಿಸಿ ಬರೆಯಬಹುದು. ಪರಿಶೀಲಕರಿಗೆ "ಕಾಲು ನೋಡಿರಲಿಲ್ಲ, ಕ್ಷಮಿಸಿ" ಎಂದು ಬರೆದು ದಾಖಲೆಯನ್ನು ಹಾಗೆ ತಿದ್ದಿದೆ. "ತಿಳಿಸಿದ್ದಕ್ಕೆ ಧನ್ಯವಾದ" ಎಂದಷ್ಟೇ ಉತ್ತರ ಬಂತು. ಗುಂಪಿನಲ್ಲೂ ಹೇಳಿದೆ, ಅಲ್ಲಿ ಯಾರೂ ಏನೂ ಅನ್ನಲಿಲ್ಲ.

ಮುಂದಿನ ಭಾನುವಾರ ನೀರು ಇಳಿಯುವ ಹೊತ್ತಿಗೆ ಮತ್ತೆ ಹೋದೆ. ಬೂದಿ ಕಲೆಯ ಬೆಳ್ಳಕ್ಕಿ ಕಾಣಲಿಲ್ಲ. ಕಲೆಯಿಲ್ಲದ ಒಂದು ಬಿಳಿಯದು ಕೆಸರಿನಲ್ಲಿ ನಿಂತಿತ್ತು. ಅದು ಕಾಲೆತ್ತಲಿ ಎಂದು ಬಹಳ ಹೊತ್ತು ಕಾದೆ. ಎತ್ತಿತು, ಕಾಲಿಗೆಲ್ಲ ಕೆಸರು ಮೆತ್ತಿತ್ತು. 'ಅಥವಾ' ಎಂದೇ ಬರೆದುಕೊಂಡು ಬಂದೆ.