ಯಾರೂ ಮುಟ್ಟದ ದುಡ್ಡು

ಟಂಕಸಾಲೆಯಿಂದ ಹೊರಬಿದ್ದ ಮೇಲೆ ಯಾರ ಕೈಗೂ ಹೋಗದ, ಒಂದು ಹಿಡಿ ಶೇಂಗಾ ಕೂಡ ಕೊಳ್ಳದ ನಾಣ್ಯಕ್ಕೇ ಸಂಗ್ರಾಹಕರ ಪೇಟೆಯಲ್ಲಿ ಹೆಚ್ಚು ಬೆಲೆ. 'ಯುಎನ್‌ಸಿ' ಅನ್ನುತ್ತಾರೆ, ಅಂದರೆ ಚಲಾವಣೆಗೇ ಬಾರದ್ದು. ತಾಮ್ರದ್ದಾದರೆ ಬಣ್ಣದ ಪರೀಕ್ಷೆಯೂ ಉಂಟು. ಕೆಂಪಗೆ ಹೊಳೆಯುವುದು ಮೊದಲು, ಕೆಂಪು ಕಂದು ಬೆರೆತದ್ದು ಆಮೇಲೆ, ಪೂರ್ತಿ ಕಂದಾದದ್ದು ಕೊನೆಗೆ. ಅಮೆರಿಕದ ಸೆಂಟುಗಳಿಗೆ ಹಾಕುವ ಈ ಲೆಕ್ಕವನ್ನು ನಮ್ಮ ನಯಾಪೈಸೆಗೂ ಹಾಕುವವರಿದ್ದಾರೆ.

1957ರ ಏಪ್ರಿಲ್ 1ರಂದು ರೂಪಾಯಿಗೆ ಹದಿನಾರಾಣೆ ಹೋಗಿ ನೂರು ಪೈಸೆ ಬಂತಲ್ಲ, ಆಗಿನ ಒಂದು ನಯಾಪೈಸೆ ಕಂಚಿನದು, ಬಹುಪಾಲು ತಾಮ್ರ, ತೂಕ ಒಂದೂವರೆ ಗ್ರಾಂ. 1965ರ ಹೊತ್ತಿಗೆ ಪೈಸೆ ಅಲ್ಯುಮಿನಿಯಂ ಆಯಿತು. 2011ರ ಜೂನ್ ಮುಗಿದ ಮೇಲೆ ನಾಲ್ಕಾಣೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳಿಗೆ ಕಾನೂನಿನ ಮಾನ್ಯತೆಯೂ ಹೋಯಿತು. ಈಗ ಆ ನಯಾಪೈಸೆಯ ಕೆಂಪನ್ನು ಹುಡುಕಿಕೊಂಡು ರಾಯಚೂರಿನ ನನ್ನ ಗೆಳೆಯನೊಬ್ಬ ಊರೂರು ತಿರುಗುತ್ತಾನೆ. 'ನೀ ಇತಿಹಾಸದಾಗ ಪಿಎಚ್‌ಡಿ ಮಾಡಾಕತ್ತಿ, ಹೇಳು, ಇದು ರೊಕ್ಕ ಹಾಕೋ ಕೆಲಸ ಹೌದೊ ಅಲ್ಲೊ' ಎಂದು ಕೇಳಿದ. ಲಾಭದ ಮಾತಾದರೆ ನನ್ನ ಉತ್ತರ ಚಿಕ್ಕದು. ಲಕ್ಷಗಟ್ಟಲೆ ಅಚ್ಚಾದ ವಸ್ತು ಹೊಳೆದ ಮಾತ್ರಕ್ಕೆ ಅಪರೂಪವಾಗುವುದಿಲ್ಲ. ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆಂದು, ಮೊದಲು ಶುಲ್ಕ ಕಟ್ಟಿಸಿಕೊಳ್ಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ಅವನು ಕೇಳಿದ್ದು ಲಾಭದ ಮಾತಲ್ಲ ಅನ್ನುವುದೇ ತೊಡಕು.

ಆ ಕೆಂಪನ್ನು ನಾನೂ ನೋಡಿದ್ದೇನೆ. ಅಚ್ಚು ಬಿದ್ದಾಗ ಲೋಹ ನಡುವಿನಿಂದ ಅಂಚಿಗೆ ಹರಿದು ಕಣ್ಣಿಗೆ ಕಾಣದ ಗೆರೆಗಳು ಮೂಡಿರುತ್ತವೆ. ನಾಣ್ಯವನ್ನು ಓರೆ ಮಾಡಿದರೆ ಬೆಳಕು ಆ ಗೆರೆಗಳ ಮೇಲೆ ಗಾಲಿಯ ಹಾಗೆ ಸುತ್ತುತ್ತದೆ. ನಮ್ಮ ಮನೆಗಳಲ್ಲಿ ತಂಬಿಗೆ ತಿಕ್ಕುವಂತೆ ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ನಾಣ್ಯ ಹೊಳೆಯುತ್ತದೆ, ಆದರೆ ಹುಳಿ ಆ ಗೆರೆಗಳನ್ನೂ ತಿಂದಿರುತ್ತದೆ. ಬೆಳಕು ಸುತ್ತುವುದಿಲ್ಲ, ಸಪ್ಪಗೆ ನಿಂತಿರುತ್ತದೆ. ತಿಳಿದವರು ಕ್ಷಣದಲ್ಲಿ ಗುರುತಿಸುತ್ತಾರೆ. ಬೆರಳಿನ ಬೆವರೂ ಅಷ್ಟೇ: ಅದರ ಉಪ್ಪು ತಾಮ್ರಕ್ಕೆ ತಾಗಿ, ಕೆಲವು ದಿನ ಬಿಟ್ಟು ಬೆರಳಚ್ಚು ಕಂದಾಗಿ ಎದ್ದು ಬರುತ್ತದೆ. ಅದಕ್ಕೇ ಅಂಚು ಹಿಡಿದೇ ಎತ್ತಬೇಕು. ಗೆಳೆಯ ತನ್ನ ನಾಣ್ಯಗಳನ್ನು ನನ್ನ ಕೈಗೆ ಕೊಡುವಾಗ ನಾಲ್ಕು ಸಲ ಹೇಳುತ್ತಾನೆ, 'ಮುಟ್ಟಬ್ಯಾಡ, ಮುಟ್ಟಬ್ಯಾಡ.'

ಆ ಮಾತು ನನಗೆ ಬೇರೆಲ್ಲೋ ಕೇಳಿಸುತ್ತದೆ. ನಮ್ಮಜ್ಜಿ ದೇವದುರ್ಗದ ಕಡೆಯ ಹೊಲಗಳಲ್ಲಿ ಕೂಲಿ ಮಾಡಿದವಳು. ಕೂಲಿಯ ದುಡ್ಡನ್ನು ಅವಳ ಸೆರಗಿಗೆ ಮೇಲಿನಿಂದ ಬಿಡುತ್ತಿದ್ದರಂತೆ. ಅಂಗಡಿಯಲ್ಲಿ ಅವಳು ಕಟ್ಟೆಯ ಮೇಲಿಟ್ಟ ದುಡ್ಡಿಗೆ ನೀರು ಚಿಮುಕಿಸಿ ಎತ್ತಿಕೊಳ್ಳುತ್ತಿದ್ದರಂತೆ. 'ಕೈ ಬ್ಯಾಡ ಅಂದ್ರು, ಕೈಯಾಗಿನ ರೊಕ್ಕ ಬ್ಯಾಡ ಅನ್ನಲಿಲ್ಲ' ಎಂದು ನಗುತ್ತಿದ್ದಳು. ನಾಣ್ಯ ಸಂಗ್ರಹಿಸುವವರೆಲ್ಲ ಮೈಲಿಗೆ ಎಣಿಸುವವರು ಎಂದು ನಾನು ಹೇಳುತ್ತಿಲ್ಲ, ಅದು ಅನ್ಯಾಯದ ಮಾತು. ಗೆಳೆಯ ಅಂಜುವುದು ಬೆವರಿನ ಉಪ್ಪಿಗೆ, ಅದು ಯಾರ ಬೆವರಾದರೂ ಸರಿ. ಆದರೂ ಕೈಯಿಂದ ಕೈಗೆ ಹೋಗಲೆಂದೇ ಹುಟ್ಟಿದ ವಸ್ತುವಿಗೆ, ಯಾವ ಕೈಯೂ ತಾಗಲಿಲ್ಲವೆಂದು ಮೇಲಿನ ಪಂಕ್ತಿ ಕೊಡುವಾಗ ನನ್ನಂಥವನಿಗೆ ಏನೋ ಚುಚ್ಚುತ್ತದೆ.

ಹಾಗೆಂದು ಅವನ ಸಂಗ್ರಹವನ್ನು ಕೃಷ್ಣೆಗೆ ಎಸೆ ಅನ್ನುವ ಹಾಗೂ ಇಲ್ಲ. ನಿಜಾಮರ ಕಾಲದ ಹಾಲಿ ಸಿಕ್ಕಾ ತೆಗೆದುಕೊಳ್ಳಿ. ಏಳು ಹಾಲಿ ರೂಪಾಯಿಗೆ ಆರು ಬ್ರಿಟಿಷ್ ರೂಪಾಯಿ. ಮಾನ್ವಿಯವರು ತುಂಗಭದ್ರೆ ದಾಟಿದರೆ ಮದ್ರಾಸ್ ಪ್ರಾಂತ್ಯ, ಬೇರೆ ನಾಣ್ಯ. 1871ರಲ್ಲಿ ಮುಂಬಯಿ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ ಬಂದು ಕೂಡಿದ ರಾಯಚೂರಿನಲ್ಲಿ ಈ ಎರಡೂ ದುಡ್ಡಿನ ಲೆಕ್ಕ ಗೊತ್ತಿಲ್ಲದೆ ವ್ಯಾಪಾರ ನಡೆಯುವಂತಿರಲಿಲ್ಲ. ಹಾಲಿಯ ಎರಡು ಪೈ ಮೇಲಿನ ತುಘ್ರಾ, ಅಂದರೆ ಹೆಣೆದುಕೊಂಡ ಅಕ್ಷರಗಳ ಮುದ್ರೆ, ಸವೆದ ನಾಣ್ಯದಲ್ಲಿ ಬರೀ ಉಬ್ಬು. ಬಳಸದೆ ಉಳಿದದ್ದು ಸಿಕ್ಕರೆ ಮಾತ್ರ ಒಂದೊಂದು ಎಳೆ ಬಿಡಿಸಿ ಓದಬಹುದು.

ಈ ಪ್ರಶ್ನೆಗೆ ನನಗೆ ದಾರಿ ತೋರಿಸಿದವರು ಡಿ.ಡಿ. ಕೋಸಂಬಿ. ಗಣಿತದ ಮನುಷ್ಯ. 1940ರ ಸುಮಾರಿಗೆ ಅವರು ಪ್ರಾಚೀನ ಬೆಳ್ಳಿಯ ಮುದ್ರಾಂಕಿತ ನಾಣ್ಯಗಳನ್ನು ಒಂದೊಂದಾಗಿ ತೂಗಲು ಕೂತರು. ಪ್ರತಿ ಕೈ ಬದಲಾವಣೆಯಲ್ಲೂ ನಾಣ್ಯ ಕೂದಲೆಳೆಯಷ್ಟು ತೂಕ ಕಳೆದುಕೊಳ್ಳುತ್ತದೆ. ಹೆಚ್ಚು ಕಾಲ ಓಡಾಡಿದಷ್ಟೂ ಸರಾಸರಿ ಇಳಿಯುತ್ತದೆ, ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಹೆಚ್ಚುತ್ತದೆ. ಈ ಲೆಕ್ಕದಿಂದ ಅವರು ನಾಣ್ಯಗಳ ಹಿಂದುಮುಂದನ್ನು ಹೇಳಿದರು. ತಮ್ಮ ಕಾಲದ ನಾಣ್ಯಗಳನ್ನೂ ತೂಗಿ ಪರೀಕ್ಷಿಸಿಕೊಂಡರು. ಕನ್ನಡದಲ್ಲಿ ಹಳಸಿದ ಮಾತಿಗೆ ನಾವು 'ಸವಕಲು ನಾಣ್ಯ' ಅನ್ನುತ್ತೇವೆ, ಆದರೆ ಕೋಸಂಬಿಗೆ ಆ ಸವಕಲೇ ದಾಖಲೆ. ಹೆಸರಿಲ್ಲದ ಕೈಗಳು ಬೇರೆ ಯಾವ ದಾಖಲೆಯನ್ನೂ ಬಿಟ್ಟುಹೋಗಿಲ್ಲ. ಆದರೆ ಎಷ್ಟು ಸವೆಯಿತೆಂದು ಹೇಳಲು ಮೊದಲು ಎಷ್ಟಿತ್ತೆಂದು ಗೊತ್ತಿರಬೇಕು. ಅದಕ್ಕೆ ಸವೆಯದ ಒಂದು ನಾಣ್ಯ ಬೇಕೇ ಬೇಕು.

ಹಾಗಾಗಿ ನನ್ನ ಲೆಕ್ಕದಲ್ಲಿ ಆ ಕೆಂಪು ನಯಾಪೈಸೆಗೆ ಬೆಲೆ ಬರುವುದು ಸವೆದದ್ದರ ಪಕ್ಕ ಇಟ್ಟಾಗ. ವರ್ಷಕ್ಕೊಂದು, ಟಂಕಸಾಲೆಗೊಂದು ಸಾಕು. ಒಂದೇ ಬಗೆಯ ಐವತ್ತನ್ನು ಡಬ್ಬಿಗೆ ತುಂಬಿಸಿ ಕೂತರೆ ನಲವತ್ತೊಂಬತ್ತು ಒಂದೇ ಮಾತನ್ನು ಹೇಳುತ್ತಿರುತ್ತವೆ. ಗೆಳೆಯನಿಗೆ ಇದನ್ನು ಹೇಳಿದೆ. ಸವೆದದ್ದನ್ನು ಯಾರು ಕೊಳ್ಳುತ್ತಾರೆ ಅಂದ. ಅವನ ಡಬ್ಬಿಯಲ್ಲಿ ಯಾವ ನಾಣ್ಯದ ಜೊತೆಗೂ ಅದು ಎಲ್ಲಿ, ಯಾರ ಮನೆಯಲ್ಲಿ ಸಿಕ್ಕಿತೆಂಬ ಚೀಟಿ ಇಲ್ಲ. ಹೊಳಪು ಹೋಗುವುದಕ್ಕಿಂತ ಅದೇ ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ.

ಸದ್ಯ ನಾನೇ ಕೂಡಿಸತೊಡಗಿದ್ದೇನೆ, ಸವೆದವನ್ನು. ತೂಗಲು ಬಂಗಾರದ ಅಂಗಡಿಯ ತಕ್ಕಡಿ ಬೇಕಾಗುತ್ತದೆ. ಮೊನ್ನೆ ಮಾನ್ವಿಯಲ್ಲಿ ಅತ್ತೆಯ ಹಳೆಯ ಎಲೆಯಡಿಕೆ ಸಂಚಿಯ ತಳದಲ್ಲಿ ಹನ್ನೊಂದು ನಯಾಪೈಸೆ ಸಿಕ್ಕವು, ಕರ್ರಗೆ, ಸುಣ್ಣ ಮೆತ್ತಿಕೊಂಡು. ಯಾರು ಕೊಟ್ಟದ್ದು, ಯಾವ ಕೆಲಸದ್ದು ಎಂದು ಕೇಳಿ ಬರೆದುಕೊಳ್ಳುತ್ತಿದ್ದೆ. ಅತ್ತೆಗೆ ನಾಚಿಕೆಯಾಯಿತೇನೋ, 'ತಡಿ ತಮ್ಮಾ, ಹುಣಸೆಹಣ್ಣು ಹಚ್ಚಿ ತಿಕ್ಕಿ ಕೊಡ್ತೀನಿ' ಎಂದು ಎದ್ದಳು. 'ಬ್ಯಾಡತ್ತೆ, ಹಂಗೇ ಇರ್ಲಿ' ಅಂದೆ.