ಬೆವರು, ಕಣ್ಣೀರು ಮತ್ತು ರಸ

ಕಲಾವಿದನ ಇಲ್ಲವೇ ಪ್ರೇಕ್ಷಕನ ಮೈಗೆ ಸೆನ್ಸರ್ ಜೋಡಿಸಿ, ಅದರಿಂದ ಬರುವ ಸಂಕೇತಗಳನ್ನು ಧ್ವನಿಯಾಗಿ, ಬೆಳಕಾಗಿ ಮಾರ್ಪಡಿಸುವ ಕಲೆಗೆ ಆರು ದಶಕಗಳ ಇತಿಹಾಸವಿದೆ. ತಲೆಗೆ ಅಂಟಿಸಿದ ಎಲೆಕ್ಟ್ರೋಡ್ ಮಿದುಳಿನ ವಿದ್ಯುತ್ ಅಲೆಗಳನ್ನು ಹಿಡಿಯುತ್ತದೆ. ತೋಳಿನ ಮೇಲಿನದು ಸ್ನಾಯುಗಳ ಬಿಗಿತವನ್ನು, ಎದೆಯ ಪಟ್ಟಿ ಉಸಿರಿನ ಏರಿಳಿತವನ್ನು, ಬೆರಳಿಗೆ ತೊಡಿಸಿದ್ದು ನಾಡಿಯನ್ನೋ ಬೆವರನ್ನೋ ಹಿಡಿಯುತ್ತದೆ. ಕಂಪ್ಯೂಟರುಗಳು ಅಗ್ಗವಾದಂತೆ ಈ ಸಂಕೇತಗಳಿಂದ ಭಾವವನ್ನೇ ಗುರುತಿಸಬಹುದೆಂಬ ನಂಬಿಕೆಯೂ ಬೆಳೆಯಿತು. ಎಂಐಟಿಯ ರೋಸಲಿಂಡ್ ಪಿಕಾರ್ಡ್ 1997ರಲ್ಲಿ ಪ್ರಕಟಿಸಿದ ಗ್ರಂಥ ಈ ಶೋಧಕ್ಕೆ ಒಂದು ಶಾಸ್ತ್ರದ ರೂಪ ಕೊಟ್ಟಿತು. ಇಲ್ಲಿ ಏಳುವ ತಾತ್ವಿಕ ಪ್ರಶ್ನೆ ಒಂದೇ: ಮೈಯ ಲಕ್ಷಣವನ್ನು ಅಳೆದರೆ ಮನಸ್ಸಿನ ಭಾವವನ್ನು ಅಳೆದಂತಾಗುವುದೇ?

ಆಧುನಿಕ ಮನಶ್ಶಾಸ್ತ್ರದಲ್ಲಿ ಈ ಚರ್ಚೆ 1884ರಷ್ಟು ಹಳೆಯದು. ಮೈಯಲ್ಲಿ ಆಗುವ ಬದಲಾವಣೆಗಳ ಅರಿವೇ ಭಾವ ಎಂದು ವಿಲಿಯಂ ಜೇಮ್ಸ್ ಆ ವರ್ಷ ವಾದಿಸಿದ. ಅವನ ಪ್ರಕಾರ ನಾವು ನಡುಗುವುದರಿಂದ ಹೆದರುತ್ತೇವೆ, ಹೆದರಿದ್ದರಿಂದ ನಡುಗುವುದಲ್ಲ. 1927ರಲ್ಲಿ ವಾಲ್ಟರ್ ಕ್ಯಾನನ್ ಇದನ್ನು ಅಲ್ಲಗಳೆದ. ಕೋಪದಲ್ಲೂ ಭಯದಲ್ಲೂ ಒಳಾಂಗಗಳಲ್ಲಿ ಆಗುವ ಬದಲಾವಣೆ ಹೆಚ್ಚುಕಡಿಮೆ ಒಂದೇ ಆಗಿರುವಾಗ, ಆ ಬದಲಾವಣೆಯಿಂದಲೇ ಇದು ಕೋಪ, ಅದು ಭಯ ಎಂದು ಬೇರ್ಪಡಿಸುವುದು ಹೇಗೆ ಎಂಬುದು ಅವನ ಮುಖ್ಯ ಆಕ್ಷೇಪಗಳಲ್ಲೊಂದು.

ಚರ್ಮದ ವಿದ್ಯುದ್ವಾಹಕತೆಯನ್ನು ಅಳೆಯುವ ಸೆನ್ಸರಿನಲ್ಲಿ ಈ ಆಕ್ಷೇಪದ ತೂಕ ಸ್ಪಷ್ಟವಾಗಿ ಕಾಣುತ್ತದೆ. ಎರಡು ಬೆರಳುಗಳ ನಡುವೆ ಅತಿ ಸಣ್ಣ ವಿದ್ಯುತ್ ಹರಿಸಲಾಗುತ್ತದೆ. ಏನಾದರೂ ಮನಸ್ಸನ್ನು ತಟ್ಟಿದ ಕೂಡಲೇ ನರಮಂಡಲ ಬೆವರಿನ ಗ್ರಂಥಿಗಳನ್ನು ಪ್ರಚೋದಿಸುತ್ತದೆ. ಒಂದರಿಂದ ಮೂರು ಸೆಕೆಂಡಿನೊಳಗೆ ಚರ್ಮದಲ್ಲಿ ವಿದ್ಯುತ್ ಸಲೀಸಾಗಿ ಹರಿಯತೊಡಗುತ್ತದೆ. ಮನಸ್ಸು ಕಲಕಿದೆ ಎಂದಷ್ಟೇ ಗ್ರಾಫಿನ ಏರಿಕೆ ಹೇಳುತ್ತದೆ. ಅದು ಹರ್ಷದಿಂದಲೋ ಅಂಜಿಕೆಯಿಂದಲೋ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ಇದೇ ತೊಡಕನ್ನು ಭರತನ ನಾಟ್ಯಶಾಸ್ತ್ರ ಬಹಳ ಹಿಂದೆಯೇ ಎದುರಿಸಿದೆ. ಅದರ ಏಳನೆಯ ಅಧ್ಯಾಯ ಎಂಟು ಸಾತ್ತ್ವಿಕಭಾವಗಳನ್ನು ಹೇಳುತ್ತದೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಮೈ ಮರಗಟ್ಟುವುದು, ಬೆವರುವುದು, ನವಿರೇಳುವುದು, ದನಿ ಒಡೆಯುವುದು, ನಡುಗುವುದು, ಬಣ್ಣಗೆಡುವುದು, ಕಣ್ಣೀರಿಡುವುದು, ಎಚ್ಚರ ತಪ್ಪುವುದು. ಇಂದಿನ ಸೆನ್ಸರುಗಳು ಹಿಡಿಯುವ ಲಕ್ಷಣಗಳಲ್ಲಿ ಹಲವು ಈ ಪಟ್ಟಿಯಲ್ಲೇ ಇವೆ. ಭರತ ಪ್ರತಿಯೊಂದಕ್ಕೂ ಕಾರಣಗಳನ್ನು ಎಣಿಸುವ ರೀತಿ ಇನ್ನೂ ಗಮನಾರ್ಹ. ಕೋಪ, ಭಯ, ಹರ್ಷ, ಲಜ್ಜೆ, ದುಃಖಗಳಿಂದ ಬೆವರು ಬರುತ್ತದೆ. ದಣಿವು, ರೋಗ, ಬಿಸಿಲಿನ ತಾಪಗಳಿಂದಲೂ ಬರುತ್ತದೆ. ಕಣ್ಣೀರು ಶೋಕದಿಂದ ಬರುವಂತೆಯೇ ಆನಂದದಿಂದ, ಆಕಳಿಕೆಯಿಂದ, ಕಣ್ಣಿಗೆ ಹಚ್ಚಿದ ಕಾಡಿಗೆಯಿಂದ, ಹೊಗೆಯಿಂದಲೂ ಬರುತ್ತದೆ.

ಹಾಗಾದರೆ ಹೊಗೆಯ ಕಣ್ಣೀರನ್ನು ಶೋಕದ ಕಣ್ಣೀರಿನಿಂದ ಬೇರ್ಪಡಿಸುವುದು ಯಾವುದು? ಭರತನ ಉತ್ತರ ರಸಸೂತ್ರದಲ್ಲಿದೆ. ಭಾವಕ್ಕೆ ನಿಮಿತ್ತವಾದ ವಿಭಾವ, ಅದನ್ನು ಹೊರಗೆ ತೋರುವ ಅನುಭಾವ, ಬಂದುಹೋಗುವ ವ್ಯಭಿಚಾರಿಭಾವ ಇವು ಕೂಡಿದಾಗಲೇ ರಸ ಸಿದ್ಧಿಸುತ್ತದೆ. ಮೈಯ ಲಕ್ಷಣವೊಂದೇ ಅರ್ಥ ಕೊಡಲಾರದು. ಯಾರ ಎದುರು, ಯಾವ ಸನ್ನಿವೇಶದಲ್ಲಿ ಎಂಬುದು ಸೇರಿದಾಗ ಅದಕ್ಕೆ ಅರ್ಥ ಬರುತ್ತದೆ. ಸೆನ್ಸರಿಗೆ ಸಿಗುವುದು ಅನುಭಾವದ ಒಂದು ತುಣುಕು. ವಿಭಾವ ಅದರ ಅಳತೆಗೆ ಸಿಗುವುದಿಲ್ಲ, ಅದನ್ನು ಕಲಾಕೃತಿಯೇ ಒದಗಿಸಬೇಕು.

ಒಂಬತ್ತನೆಯ ಶತಮಾನದ ಕಾಶ್ಮೀರದ ಶಂಕುಕ ರಸವನ್ನು ಅನುಮಾನದಿಂದ ತಿಳಿಯುವಂಥದ್ದೆಂದು ಬಗೆದ. ನಟನ ಅಭಿನಯವೆಂಬ ಗುರುತಿನಿಂದ ಪ್ರೇಕ್ಷಕ ಭಾವವನ್ನು ಊಹಿಸುತ್ತಾನೆ ಎಂಬುದು ಅವನ ಮತ. ಭಾವವನ್ನು ಗುರುತಿಸುವ ಇಂದಿನ ತಂತ್ರಾಂಶವೂ ಲಕ್ಷಣದಿಂದ ಭಾವವನ್ನು ಊಹಿಸುವ ಇದೇ ಹಾದಿಯಲ್ಲಿ ಸಾಗುತ್ತದೆ. ಮುಂದೆ ಬಂದ ಕಾವ್ಯಮೀಮಾಂಸಕ ಅಭಿನವಗುಪ್ತ ಈ ವಾದವನ್ನು ಒಪ್ಪಲಿಲ್ಲ. ಇನ್ನೊಬ್ಬನಿಗೆ ದುಃಖವಾಗಿದೆ ಎಂಬ ಊಹೆಯಲ್ಲಿ ಆಸ್ವಾದವಿಲ್ಲ; ಸಹೃದಯನು ತನ್ನೊಳಗೇ ಸವಿಯುವ ಚರ್ವಣೆಯೇ ರಸ. ಅದಕ್ಕೆ ಅಡ್ಡಬರುವ ವಿಘ್ನಗಳಲ್ಲಿ ತನ್ನ ಸ್ವಂತ ಸುಖದುಃಖಗಳಲ್ಲೇ ಮುಳುಗಿರುವುದೂ ಒಂದು ಎಂದು ಅವನು ಎಣಿಸಿದ್ದಾನೆ. ತನ್ನದೇ ನಾಡಿ, ತನ್ನದೇ ಉಸಿರನ್ನು ಪ್ರೇಕ್ಷಕನ ಕಣ್ಣೆದುರು ಹಿಡಿಯುವ ಕಲೆಗೆ ಈ ಎಚ್ಚರಿಕೆ ನೇರವಾಗಿ ಅನ್ವಯಿಸುತ್ತದೆ.

ಈ ಕಲೆಯ ಶ್ರೇಷ್ಠ ಕೃತಿಗಳು ಭಾವವನ್ನು ಪತ್ತೆಹಚ್ಚುವ ಗೋಜಿಗೇ ಹೋಗಿಲ್ಲ. 1965ರ ಮೇ 5ರಂದು ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ರೋಸ್ ಕಲಾ ಸಂಗ್ರಹಾಲಯದಲ್ಲಿ ಸಂಗೀತ ಸಂಯೋಜಕ ಆಲ್ವಿನ್ ಲೂಸಿಯರ್ ‘ಮ್ಯೂಸಿಕ್ ಫಾರ್ ಸೋಲೋ ಪರ್ಫಾರ್ಮರ್’ ಕೃತಿಯನ್ನು ಪ್ರಸ್ತುತಪಡಿಸಿದ. ಉಪಕರಣಗಳನ್ನು ಒದಗಿಸಿದವನು ಭೌತವಿಜ್ಞಾನಿ ಎಡ್ಮಂಡ್ ಡಿವನ್; ನೆರವಿಗೆ ಇನ್ನೊಬ್ಬ ಸಂಯೋಜಕ ಜಾನ್ ಕೇಜ್ ಇದ್ದ. ಲೂಸಿಯರ್ ತಲೆಗೆ ಎಲೆಕ್ಟ್ರೋಡ್ ಕಟ್ಟಿಕೊಂಡು ಕಣ್ಣುಮುಚ್ಚಿ ಕುಳಿತ. ಸೆಕೆಂಡಿಗೆ ಸುಮಾರು ಹತ್ತು ಸಲ ಮಿಡಿಯುವ ಆಲ್ಫಾ ಅಲೆ ಸ್ವರವಾಗಿ ಕಿವಿಗೆ ಕೇಳುವಂಥದ್ದಲ್ಲ. ಅದನ್ನು ಹಿಗ್ಗಿಸಿ ಸ್ಪೀಕರುಗಳಿಗೆ ಕಳಿಸಿದಾಗ ಅವುಗಳ ಕಂಪನಕ್ಕೆ ಪಕ್ಕದ ಡ್ರಮ್ಮು, ಜಾಗಟೆ, ತಾಳಗಳು ತಾವಾಗಿ ನುಡಿದವು. ಕಣ್ಣು ತೆರೆದರೆ, ಮನಸ್ಸಿನಲ್ಲಿ ಚಿತ್ರಗಳು ಮೂಡಿದರೆ ಆ ಅಲೆ ಕುಗ್ಗುತ್ತದೆ. ಬಲವಂತವಾಗಿ ತರಹೊರಟರೂ ಜಾರಿಹೋಗುತ್ತದೆ. ವಾದಕನ ಸಾಧನೆಯೆಂದರೆ ಪ್ರಯತ್ನವನ್ನು ಕೈಬಿಡುವುದು. ಕರ್ತೃತ್ವವನ್ನು ಬಿಟ್ಟ ಕ್ರಿಯೆ ಸಾಧ್ಯವೇ ಎಂಬ ಧಾರ್ಮಿಕ ಪ್ರಶ್ನೆಗೆ ಕಲಾವೇದಿಕೆಯ ಮೇಲೆ ದೊರೆತ ಅಪರೂಪದ ನಿದರ್ಶನವಿದು.

ಹಾಗೆಂದು ಆಲ್ಫಾ ಅಲೆಯನ್ನೇ ಧ್ಯಾನಸಿದ್ಧಿಯ ಅಳತೆಗೋಲು ಮಾಡಲಾಗದು. ದೆಹಲಿಯ ಏಮ್ಸ್‌ನಲ್ಲಿ ಬಿ.ಕೆ. ಆನಂದ್ ಮತ್ತು ಸಹೋದ್ಯೋಗಿಗಳು 1961ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಧ್ಯಾನಸ್ಥ ಯೋಗಿಗಳಲ್ಲಿ ಹೊರಗಿನ ಪ್ರಚೋದನೆಗಳಿದ್ದರೂ ಈ ಅಲೆ ಕದಡದೆ ಉಳಿದಿತ್ತು. ಧ್ಯಾನದಲ್ಲಿ ಮೈಗೆ ಏನಾಗುತ್ತದೆ ಎಂಬುದನ್ನು ಅದು ತೋರಿಸಿತು. ಆದರೆ ಸುಮ್ಮನೆ ಕಣ್ಣುಮುಚ್ಚಿ ವಿರಮಿಸುವವರಲ್ಲೂ ಆಲ್ಫಾ ಅಲೆ ಕಾಣಿಸಿಕೊಳ್ಳುತ್ತದೆ. ಗುರುತು ಒಂದೇ ಇದ್ದ ಮಾತ್ರಕ್ಕೆ ಅನುಭವವೂ ಒಂದೇ ಎನ್ನಲು ಬರುವುದಿಲ್ಲ.

ಮೆಕ್ಸಿಕೊ ಮೂಲದ ರಫಾಯೆಲ್ ಲೊಸಾನೊ-ಹೆಮ್ಮರ್ 2006ರಲ್ಲಿ ರಚಿಸಿದ ‘ಪಲ್ಸ್ ರೂಮ್’ ವಿಭಾವದ ಕೆಲಸವನ್ನು ಚೆನ್ನಾಗಿ ತೋರಿಸುತ್ತದೆ. ಕತ್ತಲ ಕೋಣೆಯ ಚಾವಣಿಯಿಂದ ನೂರರಿಂದ ಮುನ್ನೂರು ಬಲ್ಬುಗಳು ತೂಗುತ್ತವೆ. ಬಂದವರು ಸೆನ್ಸರನ್ನು ಹಿಡಿದಾಗ ಹತ್ತಿರದ ಬಲ್ಬು ಅವರ ಎದೆಬಡಿತದ ಲಯಕ್ಕೆ ಮಿನುಗುತ್ತದೆ. ಕೈಬಿಟ್ಟೊಡನೆ ಎಲ್ಲ ದೀಪಗಳೂ ಕ್ಷಣಕಾಲ ಆರಿ, ಆ ಮಿಡಿತ ಸಾಲಿನ ಮೊದಲ ಬಲ್ಬಿಗೆ ಸೇರುತ್ತದೆ; ಹಿಂದಿನವರ ಮಿಡಿತಗಳು ಒಂದೊಂದು ಹೆಜ್ಜೆ ಮುಂದೆ ಸರಿದು, ಕೊನೆಯದು ಕೋಣೆಯಿಂದಲೇ ಮರೆಯಾಗುತ್ತದೆ. ಇಲ್ಲಿ ಯಂತ್ರ ಯಾರ ಭಾವವನ್ನೂ ಹೆಸರಿಸುವುದಿಲ್ಲ. ಆದರೂ ತನ್ನ ನಾಡಿ ಅಪರಿಚಿತರ ನಾಡಿಗಳ ನಡುವೆ ಬೆರೆತು ದೂರವಾಗುವುದನ್ನು ಕಂಡವನಿಗೆ ಮನುಷ್ಯರ ಒಡನಾಟ, ಅನಿತ್ಯತೆ ಎರಡೂ ತಟ್ಟುತ್ತವೆ. ‘ನನ್ನದು’ ಎಂಬುದು ಕಳಚಿ ಎಲ್ಲರದಾಗುವ ಈ ಬಗೆಯನ್ನೇ ಭಾರತೀಯ ಕಾವ್ಯಮೀಮಾಂಸೆ ಸಾಧಾರಣೀಕರಣ ಎಂದು ಕರೆಯಿತು.

ಈ ವಿವೇಚನೆಗೆ ನೈತಿಕ ಮುಖವೂ ಇದೆ. ‘ನಿನಗೀಗ ದುಃಖವಾಗಿದೆ’ ಎಂದು ತೀರ್ಪು ಕೊಡುವ ಯಂತ್ರ ಮನುಷ್ಯನ ಅಂತರಂಗದ ಮೇಲೆ ತನಗಿಲ್ಲದ ಅಧಿಕಾರವನ್ನು ಚಲಾಯಿಸುತ್ತದೆ. ಐರೋಪ್ಯ ಒಕ್ಕೂಟದ 2024ರ ಕೃತಕ ಬುದ್ಧಿಮತ್ತೆ ಕಾಯಿದೆ, ವೈದ್ಯಕೀಯ ಹಾಗೂ ಸುರಕ್ಷತೆಯ ಕಾರಣಗಳನ್ನು ಹೊರತುಪಡಿಸಿ, ಕೆಲಸದ ಸ್ಥಳಗಳಲ್ಲೂ ಶಿಕ್ಷಣ ಸಂಸ್ಥೆಗಳಲ್ಲೂ ದೇಹಲಕ್ಷಣಗಳಿಂದ ಭಾವವನ್ನು ಊಹಿಸುವ ವ್ಯವಸ್ಥೆಗಳನ್ನು ನಿಷೇಧಿಸಿದೆ. ಕಲಾಕೃತಿಯಲ್ಲೂ ಒಪ್ಪಿಗೆ ಪಡೆದೇ ಮೈಯ ಸಂಕೇತವನ್ನು ಬಳಸಬೇಕು. ಅದರ ಅರ್ಥ ಹೇಳುವ ಹಕ್ಕು ಆ ವ್ಯಕ್ತಿಯಲ್ಲೇ ಉಳಿಯಬೇಕು.

ಸೆನ್ಸರು ಅಂತರಂಗದ ಸಾಕ್ಷಿಯಲ್ಲ, ಅದೊಂದು ವಾದ್ಯ. ವೀಣೆಯ ತಂತಿ ಬೆರಳಿನ ಒತ್ತಡಕ್ಕೆ ಓಗೊಡುವಂತೆ ಅದು ಬೆವರಿಗೆ, ಉಸಿರಿಗೆ, ನಾಡಿಗೆ ಓಗೊಡುತ್ತದೆ. ಆ ಓಗೊಡುವಿಕೆಗೆ ತಕ್ಕ ಸನ್ನಿವೇಶವನ್ನು ಕಟ್ಟುವುದು ಕಲಾವಿದನ ಹೊಣೆ. ಅದು ರಸವಾಗುವುದು ಸಹೃದಯನಲ್ಲಿ.